ಬರಿಗೈಲಿ ಬಂದ ಬಾಮೈದ

ಅಲ್ಲೇ ನಿಲ್ಲು. ಅಲ್ಲೇ ಅಂದೆ. ಹೊಸಲು ದಾಟಿ ಒಳಗೆ ಬಂದ್ರೆ ನೋಡು... ಹಾಂ, ನಿಂತೆ. ಹೇಳಿದ ಮಾತು ಕೇಳೋದಾದ್ರೂ ಕಲ್ತಿದ್ದೀಯ, ಸಂತೋಷ.

ಬ್ಯಾಟರಿ ಚಾರ್ಜಿಂಗ್ ನಡೀತೈತೆ ಕಣೋ ಒಳಗೆ. ಕಿವಿ ಕೊಟ್ಟು ಕೇಳು... ಒಲೆ ಮೇಲೆ ಎಸರು ಕಾಯ್ದಂಗೆ ಸಣ್ಣಗೆ ಗುಳುಗುಳು ಅಂತವೆ. ಆ ಗುಳ್ಳೆ ಒಡೆದ್ರೆ ಬರೋದು ಏನು? ಗ್ಯಾಸು. ಮೂಗಿಗೂ ಗೊತ್ತಾಗಲ್ಲ, ಕಣ್ಣಿಗೂ ಗೊತ್ತಾಗಲ್ಲ. ಒಂದು ಕಿಡಿ ಸಾಕು. ಊರಿಗೆಲ್ಲ ಬಿಡಿಸಿ ಹೇಳ್ತೀನಿ ಇದನ್ನ, ನಿಂಗೂ ಹೇಳ್ಬೇಕಾ? ಜೇಬಲ್ಲಿ ಬೆಂಕಿಪೊಟ್ಣ ಇದ್ರೆ ತೆಗೆದು ಆಚೆ ಕಟ್ಟೆ ಮೇಲಿಡು. ಕರ್ಪೂರ ಗಿರ್ಪೂರ ಇದ್ರೆ ಅದನ್ನೂ ಇಡು.

ಬಾವ ಅನ್ಬೇಡ. ಏನು ಬಾವ? ಆಯುಧಪೂಜೆ ದಿನ ಈ ನೆಲದ ಮೇಲೆ ಹೊರಳಾಡ್ತಿದ್ದೋನು ಯಾರು, ಅವತ್ತು ನಿಂಗೆ ಬಾವ ಆಗಿರಲಿಲ್ವಾ ನಾನು? ತಿರುಗಿ ನೋಡ್ದೆ ಓಡಿಹೋದೆ. ದೊಡ್ಡಬಳ್ಳಾಪುರ ಬಿಟ್ಟು ದೇವನಹಳ್ಳೀಲಿ ಹೋಗಿ ಸೇರ್ಕೊಂಡೆ. ದಸರಾ ಹೋಯ್ತು, ದೀಪಾವಳಿ ಹೋಯ್ತು, ಸಂಕ್ರಾಂತಿ ಎಳ್ಳೂ ಬೀರಿ ಆಯ್ತು. ಒಂದು ಫೋನಿಲ್ಲ. ಈಗ ಬಾವ.

ಕೆಮ್ಮಬೇಡ. ಕೆಮ್ಮಿದ್ರೆ ಪಾಪ ಅಂತೀನಾ?

ಯಾರು ಕಳಿಸಿದ್ದು ನಿನ್ನ? ನಿಮ್ಮಕ್ಕ ತಾನೇ? ಅನಸೂಯನ ಬುದ್ಧಿ ನಂಗೊತ್ತಿಲ್ವಾ. ನನ್ನ ಬೆನ್ನ ಹಿಂದೆ ಫೋನ್ ಮಾಡಿ ಕರೆಸವ್ಳೆ. ಏನಂದ್ಲು ನನ್ ಬಗ್ಗೆ?... ಸರಿಯಾಗಿ ಹೇಳು, ಗೊಣಗಬೇಡ. ಏನಂದ್ಲು?... "ವಾಸಿಯಾಗೈತೆ" ಅಂದ್ಲಾ. ಇನ್ನೇನೂ ಹೇಳಿಲ್ವಾ?... ಹೂಂ. ಸರಿಯಾಗೇ ಹೇಳವ್ಳೆ. ವಾಸಿಯಾಗೈತೆ. ಮೈಮೇಲೆ ಚರ್ಮ ಸುಟ್ಟಿದ್ದು ಮಾಸ್ತಾ ಬಂತು. ಈ ಕಪ್ಪು ಕನ್ನಡಕ ಕಣ್ಣಾಸ್ಪತ್ರೆ ಡಾಕ್ಟ್ರು ಕೊಟ್ಟಿದ್ದು, ಬಿಸಿಲ ಝಳ ಬೀಳಬಾರ್ದು ಅಂತ. ಅಷ್ಟೇ. ಅದನ್ನ ಅಷ್ಟು ದೊಡ್ಡದು ಮಾಡೋದು ಬೇಡ.

ನೀನೇನು, ಚೆನ್ನಾಗೇ ಇದ್ದೀಯ. ಹೋಟ್ಲು ಊಟ ಮೈಗೆ ಹತ್ತೈತೆ, ಕೆನ್ನೆ ಗಿನ್ನೆ ತುಂಬ್ಕೊಂಡು ಗುಂಡುಗುಂಡಗೆ ಆಗಿದ್ದೀಯ... ಯಾಕೆ ನಗ್ತೀಯ? ನಗೋ ಅಂಥದ್ದು ಏನಂದೆ? ಇಲ್ಲಿ ಒಬ್ಬನ ಮನೆ ಹಾಳ್ಮಾಡಿ ಅಲ್ಲಿ ಹೋಗಿ ದಪ್ಪ ಆಗಿದ್ದೀಯ ಅಂದೆ, ಅದಕ್ಕೆ ನಗು ಬರ್ತೈತಾ?

ಆ ಬೀಗದ ಕೈ ಗೊಂಚಲು ಕುಲುಕಬೇಡ ಕಣೋ. ಆ ಸದ್ದು ನಂಗಾಗಲ್ಲ. ಎಲ್ಲೀದು ಅದು? ಹೋಟ್ಲದ್ದಾ?... ಬ್ಯಾಟರಿ ರೂಮಿಂದು? ನಿನ್ನ ಕೈಗಾ? ಅಯ್ಯೋ ಶಿವನೇ. ಅಷ್ಟು ದೊಡ್ಡ ಹೋಟ್ಲವ್ರಿಗೆ ಬ್ಯಾಟರಿ ರೂಮ್ ನೋಡ್ಕೊಳ್ಳೋಕೆ ಇನ್ಯಾರೂ ಸಿಗಲಿಲ್ವಾ? ವಿಮಾನ ಇಳಿದು ಬಂದು ಮಲಗಿರ್ತಾರೆ ಮೇಲೆ, ಕೆಳಗೆ ನೀನು. ಕೆಲಸ ಎಲ್ಲಿ ಕಲ್ತೆ ಅಂತ ಕೇಳಿದಾಗ ಏನಂದೆ? ಮುನಿಶಾಮಪ್ಪನ ಶೆಡ್ಡಲ್ಲಿ ಅಂತ ಹೇಳಿದ್ಯಾ?... ಹೇಳಿದ್ಯಾ. ಥೂ. ನನ್ನ ಹೆಸರು ಹೇಳೋಕೆ ನಾಲಿಗೆ ಹೆಂಗೆ ಬಂತೋ.

ಬಾಯಿ ತೆಗೆದು ಹೇಳು ಹಂಗಾದ್ರೆ. ರೂಮಲ್ಲಿ ಗಾಳಿ ಆಡ್ತೈತಾ? ಗಾಳಿ ಹೊರಗೆ ತಳ್ಳೋ ಫ್ಯಾನು ಮೇಲುಗಡೆ ಐತಾ, ಕೆಳಗಡೆ ಐತಾ?... ಗೋಡೆ ಬುಡದಲ್ಲಾ? ಆ ಗ್ಯಾಸು ಮೇಲಕ್ಕೇ ಏರೋದು ಕಣೋ, ಕೆಳಗಿಟ್ಟು ಏನು ಪ್ರಯೋಜನ? ಚಾವಣಿ ಹತ್ರ ಇಡೋಕೆ ಹೇಳು. ಇವತ್ತೇ ಹೇಳು. ಕ್ಲಿಪ್ಪು ಕೀಳೋಕೆ ಮುಂಚೆ ಏನು ಮಾಡ್ತೀಯ?... ಹಾಂ, ಚಾರ್ಜರ್ ಆಫ್. ಆಫ್ ಮಾಡ್ದೆ ಕಿತ್ರೆ ಅಲ್ಲೇ ಕಿಡಿ. ನೀರು ಯಾವಾಗ ಹಾಕ್ತೀಯ, ಚಾರ್ಜಿಗೆ ಮುಂಚೇನೋ ಆಮೇಲೋ?... ಆಮೇಲೆ. ಸರಿ. ಒಳಗೆ ಪ್ಲೇಟು ಬಾಯಿಬಿಟ್ಕೊಂಡು ಒಣಗಿದ್ರೆ ಮಾತ್ರ ಮುಂಚೆ, ಅದೂ ಮುಳುಗೋವಷ್ಟೇ. ಮುಂಚೇನೇ ತುಂಬ್ಸಿಬಿಟ್ರೆ ಕಾದಾಗ ಉಕ್ಕಿ ಆಸಿಡ್ ಆಚೆ ಬರ್ತೈತೆ. ಯಾವ ನೀರು? ಬೋರ್‌ವೆಲ್ ನೀರು ಹುಯ್ದೀಯ ಮತ್ತೆ. ನಮ್ಮ ಕಡೆ ಬೋರ್ ನೀರು ಕಾಯಿಸಿದ ಪಾತ್ರೆ ತಳ ನೋಡಿದ್ದೀಯಲ್ಲ, ಬೆಳ್ಳಗೆ ಹೆಪ್ಪು ಕಟ್ಟಿರ್ತೈತೆ. ಅದೇ ಒಳಗೂ ಕಟ್ಟೋದು. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ಒಂದು ತೊಟ್ಟೂ ಬೀಳಬಾರ್ದು.

ಏನು ನಿಟ್ಟುಸಿರು? ಪಾಠ ಹೇಳೋದು ನಿನ್ನ ಮೇಲಿನ ಪ್ರೀತಿಗಲ್ಲ. ಆ ರೂಮಿಗೆ ಇನ್ಯಾವನೋ ಬಡವರ ಮಗ ಗುಡಿಸೋಕೆ ಬರ್ತಿರ್ತಾನಲ್ಲ, ಅವನಿಗೋಸ್ಕರ.

ಬೆರಳಲ್ಲಿ ಯಾಕೆ ಮುಟ್ತೀರ ಅಂತೀಯಾ? ಬ್ಯಾಟರಿ ಮುಚ್ಚಳದಲ್ಲಿ ತೇಲೋ ಈ ಬೆಂಡು ಮೇಲೆದ್ದಿದ್ರೆ ಒಳಗೆ ನೀರೈತೆ, ಕುಸಿದಿದ್ರೆ ಇಲ್ಲ. ಬೆರಳಿಗೇ ಗೊತ್ತಾಗ್ತೈತೆ. ಬಗ್ಗಿ ನೋಡೋದು ಯಾಕೆ? ಬಗ್ಗಿ ನೋಡಿದ್ದಕ್ಕೇ ಅಲ್ವಾ ಅವತ್ತು ಆಗಿದ್ದು. ಈಗ ನಾನು ಬಗ್ಗಲ್ಲ. ಅಭ್ಯಾಸ ತಪ್ಪಿಸ್ಕೊಂಡಿದ್ದೀನಿ.

ಅಳ್ತಿದ್ದೀಯಾ? ಮೂಗು ಎಳೀಬೇಡ, ಮದ್ವೆ ಗಂಡು.

ಗೊತ್ತು ಕಣೋ ಮದ್ವೆ ವಿಷ್ಯ. ತ್ಯಾಮಗೊಂಡ್ಲು ಕಡೆ ಹುಡುಗಿ, ಪ್ರಿಯಾಂಕ ಅಂತ. ಅಪ್ಪ ಸಂಜೀವಪ್ಪ, ತೆಂಗಿನ ತೋಟ ಐತೆ. ಎಲ್ಲ ಬಂದೈತೆ ನನ್ನ ಕಿವಿಗೆ. ನಿಂಗೆ ಅಪ್ಪ ಅಮ್ಮ ಇಲ್ಲ. ಧಾರೆಗೆ ಅವ್ರ ಜಾಗದಲ್ಲಿ ಅಕ್ಕ ಬಾವ ಕೂತ್ಕೋಬೇಕು. ಇಲ್ಲಾಂದ್ರೆ "ಗಂಡಿನ ಕಡೆ ದಿಕ್ಕಿಲ್ಲ" ಅಂತಾರೆ ಅವ್ರ ನೆಂಟರು. ಅದಕ್ಕೇ ತಾನೇ ಬಂದಿದ್ದು? ಇಲ್ದಿದ್ರೆ ಈ ಬಾಗಿಲು ನೆನಪಾಗ್ತಿತ್ತಾ?

ಬರಲ್ಲ. ಕೇಳಿಸ್ತಾ? ಬರಲ್ಲ ನಾನು. ನಿಮ್ಮಕ್ಕ ಬೇಕಾದ್ರೆ ಬರ್ಲಿ. ನನ್ನ ಜಾಗದಲ್ಲಿ ಯಾರನ್ನಾದ್ರೂ ಕೂರಿಸ್ಕೋ, ನಿಮ್ಮ ಚಿಕ್ಕಪ್ಪ ಪಾಪಯ್ಯ ಅವ್ನಲ್ಲ. ಆ ತುಂಬಿದ ಛತ್ರದಲ್ಲಿ ಮಂಟಪ ಹತ್ತಿ ಇಳಿದು... ನನ್ನಿಂದಾಗಲ್ಲ. ಹುಡುಗಿ ಕಡೆಯವ್ರು ನನ್ನನ್ನೇ ನೋಡ್ತಾ ಪಿಸಿಪಿಸಿ ಅನ್ನೋದು, "ಬಾವನ್ಗೆ ಹಿಂಗೆ ಮಾಡಿದ ಗಂಡು ಇವ್ನೇನಾ" ಅನ್ನೋದು... ಹಿಂಗೆ ಅಂದ್ರೆ ಏನು ಅಂತೀಯಾ? ಸುಟ್ಟಿದ್ದು ಕಣೋ. ಕತ್ತಿನ ಮೇಲೆ ಕಲೆ ಐತಲ್ಲ, ಅದು.

ನೀನು ಕರ್ಪೂರ ಹಚ್ಚಿದ್ದನ್ನ ನಾನು ಕ್ಷಮಿಸ್ಬಹುದು ನಂದೀಶ. ನಿಜ ಹೇಳ್ತೀನಿ. ಪೂಜೆ ದಿನ. ಗಾಡಿಗೆಲ್ಲ ಚೆಂಡುಹೂವು, ಬ್ಯಾಟರಿಗೂ ಕುಂಕುಮ. ನಾನೇ ಹೇಳಿದ್ದೆ, ಹೂವು ಕುಂಕುಮ ಸಾಕು, ಮಂಗಳಾರತಿ ಆಚೆ ಆಟೋಗೆ ಎತ್ತು ಅಂತ. ನೀನು ಕೇಳಲಿಲ್ಲ. ಅನ್ನ ಕೊಡೋ ಬ್ಯಾಟರಿಗೆ ಆರತಿ ಇಲ್ದಿದ್ರೆ ಹೆಂಗೆ ಅಂತ, ಮುಚ್ಚಳ ಬಿಚ್ಚಿಟ್ಟಿರೋ ಬ್ಯಾಟರಿ ಮೇಲೆ ಎಲೆ ಇಟ್ಟು, ಎಲೆ ಮೇಲೆ ಕರ್ಪೂರ ಇಟ್ಟೆ. ಗಾಳಿಗೆ ಆರಿಹೋಗ್ತೈತೆ ಅಂತ ಶಟರ್ ಬೇರೆ ಎಳೆದೆ. ಬೆಳಗಿನಿಂದ ಚಾರ್ಜ್ ಆಗಿರೋ ಗ್ಯಾಸೆಲ್ಲ ಒಳಗೇ. ಶಟರ್ ಯಾಕೋ ಎಳೆದೆ ಅಂತ ನಾನು ಓಡಿಬಂದು, ಬಗ್ಗಿ, ಉಫ್ ಅನ್ನೋಷ್ಟರಲ್ಲಿ ಬ್ಯಾಟರಿ ಢಮ್ ಅಂತ ಸಿಡೀತು...

ಇರ್ಲಿ. ಅದು ಭಕ್ತಿ ಹೆಚ್ಚಾಗಿ ಮಾಡಿದ್ದು. ಅಕ್ಕಪಕ್ಕದ ಅಂಗಡಿಯವ್ರೂ ಹಂಗೇ ಮಾಡ್ತಾರೆ, ಅವ್ರ ಅದೃಷ್ಟ ಚೆನ್ನಾಗೈತೆ. ಆ ಡ್ರಮ್ಮು ಮಾತ್ರ... ಆ ಡ್ರಮ್ಮನ್ನ ನಾನು ಸಾಯೋ ತನಕ ಕ್ಷಮಿಸಲ್ಲ.

ತಲೆ ತಗ್ಗಿಸಿದ್ರೆ ಬಿಡಲ್ಲ, ಕೇಳು. ಬಾಗಿಲ ಪಕ್ಕ ನೀಲಿ ಡ್ರಮ್ಮು, ಮೇಲೆ ಒಂದು ಚೊಂಬು. ಯಾಕೆ ಇಟ್ಟಿದ್ದೆ? ನೀನು ಕೆಲಸಕ್ಕೆ ಬಂದ ದಿನ ಮೊದ್ಲು ಹೇಳಿದ್ದೇ ಅದು. ಆಸಿಡ್ ಕಣ್ಣಿಗೆ ಬಿದ್ರೆ ಡಾಕ್ಟ್ರು ಆಮೇಲೆ, ನೀರು ಮೊದ್ಲು. ಹುಯ್ಯಬೇಕು, ಹುಯ್ತಾನೇ ಇರ್ಬೇಕು, ಸಾಕು ಅಂತ ಕೂಗಿದ್ರೂ ಬಿಡಬಾರ್ದು. ಬಟ್ಟೆ ಮೇಲೆ ಬಿದ್ರೆ ಅಡುಗೆ ಸೋಡಾ, ನೆಲದ ಮೇಲೆ ಬಿದ್ರೂ ಅಡುಗೆ ಸೋಡಾ, ಕಣ್ಣಿಗೆ ಮಾತ್ರ ಬರೀ ನೀರು. ಆ ಡ್ರಮ್ಮಿನ ನೀರಲ್ಲಿ ಕೈ ಕೂಡ ತೊಳೀಬೇಡ ಅಂದಿದ್ದೆ.

ತೊಳೆದೆ. ಪೂಜೆಗೆ ಅಂತ ಆಟೋ ಎಲ್ಲ ತೊಳೆದೆ ಆ ನೀರಲ್ಲಿ. ಮತ್ತೆ ತುಂಬಿಸಲಿಲ್ಲ. ನಲ್ಲೀಲಿ ಅವತ್ತು ನೀರಿಲ್ಲ. ನಾನು ಕಣ್ಣು ಮುಚ್ಕೊಂಡು ತಡಕಾಡ್ತಾ ಬಂದೆ ಕಣೋ, ಡ್ರಮ್ಮು ಸಿಕ್ತು, ಚೊಂಬೂ ಸಿಕ್ತು, ಚೊಂಬು ಒಳಗೆ ಬಿಟ್ರೆ ತಳಕ್ಕೆ ಟಣ್ ಅಂತ ಬಡೀತು. ಆ ಸದ್ದು ಗೊತ್ತಾ ನಿಂಗೆ? ಡಿಸ್ಟಿಲ್ಡ್ ವಾಟರ್ ಕ್ಯಾನು ಬೀರೂಲಿತ್ತು. ಬೀಗದ ಕೈ ಯಾರ ಜೇಬಲ್ಲಿತ್ತು? "ನಂದೀಶ, ಬೀಗದ ಕೈ, ಬೀಗದ ಕೈ" ಅಂತ ಅರಚ್ತಾ ಇದ್ದೀನಿ. ನಿನ್ನ ಜೇಬಲ್ಲಿ ಝಣಝಣ ಅಂತ ಆ ಸದ್ದು ದೂರ ಹೋಗ್ತಾ ಐತೆ. ರಸ್ತೆ ಕಡೆಗೆ. ಓಡ್ತಿದ್ದೀಯ. ನಿಮ್ಮಕ್ಕ ಮನೆಯಿಂದ ಬಿಂದಿಗೆ ಹೊತ್ಕೊಂಡು ಬರೋ ಹೊತ್ತಿಗೆ...

ಅದೇ ಸದ್ದು ಈಗ ಜೇಬಲ್ಲಿಟ್ಕೊಂಡು ಮದ್ವೆಗೆ ಕರೆಯೋಕೆ ಬಂದಿದ್ದೀಯ.

ಭಯ ಆಯ್ತು ಅಂತೀಯಾ. ನಂಗೂ ಆಯ್ತು. ನಾನೆಲ್ಲಿಗೆ ಓಡ್ಲಿ?

ಈಗ ನೋಡು ಆ ಡ್ರಮ್ಮು. ಕಂಠಮಟ್ಟ ತುಂಬೈತೆ. ದಿನಾ ಬೆಳಿಗ್ಗೆ ಬಂದು ಮೊದ್ಲು ಮೊಣಕೈ ತನಕ ಕೈ ಇಳಿಬಿಟ್ಟು ನೋಡ್ಕೋತೀನಿ, ಆಮೇಲೇ ಬೇರೆ ಕೆಲಸ. ಶೆಡ್ಡು ನಡೀತೈತೆ. ನೀನಿಲ್ದೇನೇ ನಡೀತೈತೆ. ಬ್ಯಾಟರಿ ಆಟೋ ಓಡ್ಸೋ ತೌಹೀದ್ ಬಂದಾಗ ಆಸಿಡ್ ಅಳೆಯೋ ಗಾಜಿನ ಕೊಳವೆ ನೋಡಿ ಹೇಳ್ತಾನೆ... ಅಂದ್ರೆ, ಅವನೂ ಕಲೀಲಿ ಅಂತ ನೋಡೋಕೆ ಬಿಡ್ತೀನಿ. ನಂಗೇನು ಅವಶ್ಯಕತೆ? ಚಾರ್ಜು ಅರ್ಧಕ್ಕಿಂತ ಕೆಳಗೆ ಇಳಿಸ್ಕೊಂಡು ಬರ್ಬೇಡಿ, ಇಳಿಸಿದ ದಿನಾನೇ ಚಾರ್ಜಿಗೆ ಹಾಕಿ ಅಂತ ಬೈದು ಬೈದು ಇಟ್ಟಿದ್ದೀನಿ ಎಲ್ಲಾರ್ನೂ. ನಿನ್ನ ಸಹಾಯ ಬೇಡ. ವಾಪಸ್ ಬರ್ತೀನಿ ಅಂತ ಮಾತ್ರ ಅನ್ಬೇಡ. ಕೆಲಸ ಬಿಟ್ಟು ಇಲ್ಲಿ ಬಂದು ಕೂತ್ಕೋತೀನಿ, ನಿಮ್ಮನ್ನ ನೋಡ್ಕೋತೀನಿ ಅಂತ ಬಂದ್ರೆ ಕಾಲು ಮುರೀತೀನಿ. ಅಯ್ಯೋ ಪಾಪ ಅಂತ ಕೆಲಸ ಮಾಡೋರು ನಂಗೆ ಬೇಡ.

ಹೋಗು. ಮದ್ವೆ ಮಾಡ್ಕೋ. ಚೆನ್ನಾಗಿರು, ಕೆಟ್ಟೋಗು, ನಂಗೇನು.

ಅಲ್ಲ, ಮರ್ಯಾದೆ ಅನ್ನೋದು ಇದ್ದಿದ್ರೆ... ಹೆತ್ತೋರ ಜಾಗದಲ್ಲಿ ಕೂರೋ ಬಾವನ್ನ ಕರೆಯೋ ರೀತಿ ಏನೋ ಇದು? ಬರಿಗೈ ಬೀಸ್ಕೊಂಡು ಬಂದವ್ನೆ. ಒಂದು ಎಲೆ ಅಡಿಕೆ ಇಲ್ಲ, ಒಂದು ತೆಂಗಿನಕಾಯಿ ಇಲ್ಲ. ಜೇಬಲ್ಲಿ ಕೈ ಇಟ್ಕೊಂಡು ನಿಂತವ್ನೆ, ಯಾವನೋ ದಾರಿಹೋಕನ್ನ ಕರೆಯೋ ಹಂಗೆ. ಒಂದು ತಟ್ಟೆ ಹಿಡ್ಕೊಂಡು ಬಂದು "ಬಾವ, ತಗೊಳ್ಳಿ" ಅಂತ ನೀಡಿದ್ರೆ ಕೈ ಬಿದ್ದೋಗ್ತಿತ್ತಾ?

...

ಯಾಕೆ? ನಾಟ್ತಾ ಮಾತು?

... ಮಾತಾಡು. ಇಷ್ಟೊತ್ತು ಮೂಗು ಎಳೀತಿದ್ದೆ, ಕೆಮ್ತಿದ್ದೆ. ಬೀಗದ ಕೈಯೂ ಅಲ್ಲಾಡ್ತಿಲ್ಲ.

ಲೇ ನಂದೀಶ. ಹೋಗಿಬಿಟ್ಯಾ? ಹೇಳ್ದೇ ಕೇಳ್ದೇ ಹೋಗೋದು ನಿಂಗೆ ಹೊಸದಲ್ಲ ಬಿಡು... ಇಲ್ಲ. ಚಪ್ಪಲಿ ಸದ್ದು ಬರಲಿಲ್ಲ. ಇದ್ದೀಯ. ಹೊಸಲಲ್ಲಿ ತಾನೇ ಇದ್ದೀಯ? ನಾನು ಅಲ್ಲೇ ನಿಲ್ಲು ಅಂದಿದ್ದೆ. ಆ ಕಡೇನಾ, ಈ ಕಡೇನಾ...

ಏನೋ ಅದು, ಉಸಿರು ಇಷ್ಟು ಹತ್ರ ಕೇಳಿಸ್ತೈತೆ. ಯಾವಾಗ ಒಳಗೆ ಬಂದೆ? ಯಾಕೆ ಸುಮ್ನಿದ್ದೀಯ? ಹಂಗೆ ನೋಡ್ಬೇಡ ನನ್ನ. ನೋಡ್ತಿದ್ದೀಯ, ಗೊತ್ತು. ಸರಿ ಆಚೆ, ದಾರಿ ಬಿಡು, ಚಾರ್ಜರ್ ಆಫ್ ಮಾಡ್ಬೇಕು, ಸರಿ ಅಂದ್ರೆ...

...

ಇದೇನಿದು, ಕೈಗೆ ತಗುಲಿದ್ದು?

ತಟ್ಟೆ.

ಕಾಯಿ... ಜುಟ್ಟು ಬಿಟ್ಟಿರೋ ಕಾಯಿ. ಅಡಿಕೆ. ಎಲೆ... ಎಲೆ ಬಾಡೈತೆ ಕಣೋ, ಅಂಚೆಲ್ಲ ಬಾಡೈತೆ.

ನಿಮ್ಮಕ್ಕನ್ನ ಏನೂ ಅನ್ಬೇಡ. ತಾಳಿ ಕಟ್ಟೋ ತನಕ ನನ್ನ ಕಣ್ಣಿನ ವಿಷ್ಯ ನಿಂಗೆ ಗೊತ್ತಾಗಬಾರ್ದು ಅಂತ ನಾನೇ ಆಣೆ ಹಾಕಿಸ್ಕೊಂಡಿದ್ದೆ.

ತಟ್ಟೆ ನೆಟ್ಟಗೆ ಹಿಡ್ಕೋ, ಕುಂಕುಮ ಚೆಲ್ತೈತೆ. ಅಯ್ಯೋ ನಿನ್ನ... ಎಷ್ಟೊತ್ತಿಂದ ಹಿಡ್ಕೊಂಡು ನಿಂತಿದ್ದೀಯೋ ಇದನ್ನ, ನನ್ನ ಕಣ್ಣ ಮುಂದೆ?