6-30ಕ್ಕೆ ನೀರಿಗೆ ಬರುವ ಚಿಗರಿಗಳು

ನಾನು ಉಜ್ವಲಾ ತಂದೆ ಬಂಡೆಪ್ಪ, ವಯಸ್ಸು 22, ಉದ್ಯೋಗ ಕುರಿ ಸಾಕಣೆ, ಸಾ: ಹುಡಗಿ, ತಾ: ಹುಮನಾಬಾದ. ಈ ಮೂಲಕ ತಿಳಿಸುವುದೇನೆಂದರೆ, ಇಂದು ಬೆಳಗ್ಗೆ ಮೂವರು ಸೇರಿ ಒಂದು ಚಿಗರಿಯನ್ನು, ಅಂದರೆ ಕೃಷ್ಣಮೃಗವನ್ನು, ಗುಂಡಿಟ್ಟು ಕೊಂದರು. ಅದು ಎಲ್ಲಿ, ಎಷ್ಟು ಹೊತ್ತಿಗೆ ಸಿಗುತ್ತದೆಂದು ಅವರಿಗೆ ತಿಳಿಸಿದವಳು ನಾನು.

ಬೈಪಾಸಿನಿಂದ 300 ಮೀಟರ್ ಒಳಗೆ, ಹೊಸ ಲೇಔಟಿನ ಖಾಲಿ ಪ್ಲಾಟುಗಳ ನಡುವೆ, ನಮ್ಮ ಕುರಿಗಳಿಗೆ ನೀರುಣಿಸುವ ಕಲ್ಲಿನ ಡೋಣಿ ಇದೆ. ಎರಡು ವರ್ಷದಿಂದ ಏಳು ಚಿಗರಿಗಳ ಒಂದು ಹಿಂಡೂ ನೀರಿಗೆ ಅಲ್ಲಿಗೇ ಬರುತ್ತಿತ್ತು. ಜನ ಒಮ್ಮೆ ಕಣ್ಣಾರೆ ಕಂಡರೆ ಅವುಗಳನ್ನು ಉಳಿಸುತ್ತಾರೆ ಎಂದು ನಂಬಿದ್ದೆ. ವನ್ಯಜೀವಿ ರಕ್ಷಣೆಯ ಬಗ್ಗೆ ಸಿಕ್ಕ ಕರಪತ್ರಗಳನ್ನೆಲ್ಲ ಓದಿ ನಾನೂ ಒಂದು ಬರೆದು, ದಿನಾಂಕ 10ರಂದು ಬಸ್ ನಿಲ್ದಾಣದಲ್ಲಿ 200 ಪ್ರತಿ ಹಂಚಿದೆ. ‘ಬೆಳಗ್ಗೆ 6-30ಕ್ಕೆ ಬೈಪಾಸಿನ ಹೊಸ ಲೇಔಟಿನ ಡೋಣಿಯ ಹತ್ತಿರ ಬನ್ನಿ, ಅವು ಹೆದರುವುದಿಲ್ಲ’ ಎಂದು ಅದರಲ್ಲಿತ್ತು.

ನಮ್ಮಲ್ಲಿ ಯಾವ ಪ್ರಾಣಿಯ ನೀರಿನ ಹೊತ್ತನ್ನೂ ಹೊರಗಿನವರಿಗೆ ಹೇಳುವುದಿಲ್ಲ. ಅಜ್ಜಿ ಅಂಬುಬಾಯಿ, “ಕುರಿ ಕಾಯೋರ ಮನ್ಯಾಗ ಹುಟ್ಟಿ ಇಷ್ಟೂ ತಿಳೀಲಿಲ್ಲೇನ ನಿನಗ? ನೀರಿನ ಹೊತ್ತು ಯಾರರ ಊರಿಗಿ ಸಾರ್ತಾರೇನ?” ಎಂದು ಬೈದರು. ಅದು ಮೂಢನಂಬಿಕೆ ಎಂದು ನಾನು ಅವರಿಗೆ ತಿಳಿಹೇಳಿದೆ.

ಇಂದು 6-20ಕ್ಕೆ ಡೋಣಿ ತುಂಬಿಸಿದೆ. 6-25ಕ್ಕೆ ಬಿಳಿ ಜೀಪಿನಲ್ಲಿ ಮೂವರು ಬಂದರು. ಚಿಗರಿ ನೋಡಲು ಬಂದ ಮೊದಲ ಜನವೆಂದು ನಾನೇ ಎದುರುಹೋಗಿ, ಅವಕ್ಕೆ ವಾಸನೆ ಹತ್ತದಂತೆ ಜೀಪು ಎಲ್ಲಿ ನಿಲ್ಲಿಸಬೇಕೆಂದು ತೋರಿಸಿದೆ. ಅಲ್ಲಿಂದ ಡೋಣಿಗೆ 18 ಹೆಜ್ಜೆ. ಆಮೇಲೆ ಅಳೆದು ನೋಡಿದ್ದೇನೆ. 6-32ಕ್ಕೆ ಏಳೂ ಬಂದವು. ಮುಂದಿದ್ದ ಕರಿ ಗಂಡು ನೀರಿಗೆ ತಲೆ ಬಗ್ಗಿಸಿದಾಗ ಜೀಪಿನೊಳಗಿಂದ ಗುಂಡು ಹಾರಿತು. ಇದು ವನ್ಯಜೀವಿ ಕಾಯ್ದೆಯ ಅನುಸೂಚಿ ಒಂದರ ಪ್ರಾಣಿ, ಜೈಲಾಗುತ್ತದೆ ಎಂದು ಕೂಗಿದೆ. ಬಂದೂಕು ಹಿಡಿದವನು ಕಿಸೆಯಿಂದ ನನ್ನ ಕರಪತ್ರ ತೆಗೆದು, “ನೀವೇ ಬರ್ರಿ ಅಂತ ಕರದೀರಿ ಅಕ್ಕಾ. ಈಗ್ಯಾಕ ಚೀರಾಕತ್ತೀರಿ?” ಎಂದನು. ಉಳಿದಿಬ್ಬರು ನಕ್ಕರು. ಸತ್ತದ್ದನ್ನು ಹೇರಿಕೊಂಡು 6-41ಕ್ಕೆ ಬಸವಕಲ್ಯಾಣದ ಕಡೆ ಹೋದರು. ನಂಬರ್ ಪ್ಲೇಟಿಗೆ ಕೆಸರು ಮೆತ್ತಿತ್ತು. ಡೋಣಿಯ ನೀರನ್ನು ಕುರಿಗಳು ಮುಟ್ಟಲಿಲ್ಲ.

ಹೇಳಿಕೆ ಬರೆದುಕೊಂಡ ಹೆಡ್ ಕಾನ್‌ಸ್ಟೆಬಲ್ ತುಳಜಾರಾಮ ಅವರು, “ಆ ಚೀಟಿ ಮಾತು ಬಿಡ್ರಿ ತಂಗಿ, ನಿಮ್ಮ ಕೊರಳಿಗೇ ಬರ್ತದ” ಎಂದರು. ನಾನೇ ಹಟಮಾಡಿ ಬರೆಸಿದ್ದೇನೆ. ಒಂದು ಪ್ರತಿ ಲಗತ್ತಿಸಿದ್ದೇನೆ. ಉಳಿದವು ಯಾರ ಯಾರ ಕಿಸೆಯಲ್ಲಿವೆಯೋ ನನಗೆ ಗೊತ್ತಿಲ್ಲ.

ಪಂಚನಾಮೆಗೆ ನಾಳೆ ಹತ್ತಕ್ಕೆ ಬರುವುದಾಗಿ ಹೇಳಿದರು. ಉಳಿದ ಆರು ಚಿಗರಿಗಳಿಗೆ ಬೇರೆ ನೀರು ಗೊತ್ತಿಲ್ಲ, ನಾಳೆಯೂ 6-30ಕ್ಕೇ ಬರುತ್ತವೆ, ಕರಪತ್ರ ಹಿಡಿದು ಮತ್ತೆ ಯಾರಾದರೂ ಬಂದರೆ ನಾನು ಅವನ್ನು ಕಲ್ಲೆಸೆದು ಓಡಿಸಬೇಕು, ಬೇಗ ಬನ್ನಿ ಎಂದು ಕೇಳಿಕೊಂಡೆ. ಒಪ್ಪಿದ್ದಾರೆ.

ಬರೆದದ್ದನ್ನು ನಾನೇ ಓದಿ ನೋಡಿದ್ದೇನೆ. ಎಲ್ಲವೂ ನಿಜ, ನನ್ನ ತಪ್ಪೂ ಸೇರಿ.

ಹುಮನಾಬಾದ, 16-02-2025, ಭಾನುವಾರ
ಸಹಿ: ಉಜ್ವಲಾ

ಪಂಚನಾಮೆಗೆ ಸೇರುವುದು: ಸೋಮವಾರ, 17-02-2025, ಬೆಳಗ್ಗೆ 6-00, ಡೋಣಿಯ ಹತ್ತಿರ.