ಗೀಟು ಎಳೆದ್ಯೇನೋ?

ನನ್ನ ಮೀಸೆಯಾಣೆ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಮೀಸೆ ಹೋದ ವರ್ಷವೇ ಬೋಳಿಸಿದ್ದೀನಿ ಅಂತ ನಗಬೇಡಿ, ಆಣೆ ಆಣೆಯೇ. ನಮ್ಮ ವಂಶದಲ್ಲಿ ಸುಳ್ಳು ಹೇಳಿ ಸಿಕ್ಕಿಬಿದ್ದವರು ಇವತ್ತಿನವರೆಗೆ ಒಬ್ಬರೂ ಇಲ್ಲ. ದೀಪ ಸ್ವಲ್ಪ ಸಣ್ಣ ಮಾಡಿ... ಹಾಂ, ಸಾಕು. ಹೆದರಿಕೆಯಾದವರು ನನ್ನ ಪಕ್ಕ ಬನ್ನಿ. ನನ್ನನ್ನು ಕಂಡರೆ ದೆವ್ವಗಳೇ ರಸ್ತೆಯ ಆ ಬದಿಗೆ ಹೋಗುತ್ತವೆ.

ಇದು ನಡೆದದ್ದು ನನ್ನ ಸೋದರತ್ತೆಯ ಮಗನಿಗೆ. ಕಾರು ರಿಪೇರಿ ಅವನ ಕಸುಬು. ಎಲ್ಲರ ಬಾಯಲ್ಲೂ ಕಿವಿಯಣ್ಣ. ಓಡುತ್ತಿರುವ ಎಂಜಿನ್ನಿಗೆ ಉದ್ದನೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಒಳಗೆ ಯಾವುದಕ್ಕೆ ಏನು ನೋವು ಅಂತ ಹೇಳಿಬಿಡುತ್ತಿದ್ದ. ಆ ವಿದ್ಯೆ ನಮ್ಮ ಮನೆತನದ್ದು. ನಾನು ಬರೀ ಕೆಮ್ಮು ಕೇಳಿ ಲಾರಿಯ ವಯಸ್ಸು ಹೇಳಬಲ್ಲೆ. ಇರಲಿ.

ಅವನಿಗೆ ಕೆಲಸ ಕಲಿಸಿದವರು ಮೇಸ್ತ್ರಿ. ಲೈಟು ಕಂಬದಷ್ಟು ಉದ್ದನೆ ಮನುಷ್ಯ, ಮಾತು ಮಾತ್ರ ಮೋಟು. ಬೆಲ್ಟು ತಿರುಗಿಸುವ ಯಾವ ಪುಲ್ಲಿಯ ಮೇಲೆ ಅನುಮಾನ ಬಂದರೂ ಅವರು ಕೇಳುತ್ತಿದ್ದದ್ದು ಒಂದೇ: "ಗೀಟು ಎಳೆದ್ಯೇನೋ?" ಪುಲ್ಲಿಯ ನಡುವಿನಿಂದ ಅಂಚಿನವರೆಗೆ ಸೀಮೆಸುಣ್ಣದಲ್ಲಿ ಒಂದು ನೇರ ಗೀಟು. ಎಂಜಿನ್ ಓಡಿಸಿ ನಿಲ್ಲಿಸಿದ ಮೇಲೆ ಗೀಟು ತುಂಡಾಗಿದ್ದರೆ, ಪುಲ್ಲಿ ಒಳಗೊಳಗೇ ಜಾರುತ್ತಿದೆ ಅಂತ ಅರ್ಥ. ಇನ್ನೊಂದು ಕಟ್ಟಳೆ ಏನೆಂದರೆ, ಎಣ್ಣೆ ಬಟ್ಟೆಯಲ್ಲಿ ಯಾರ ಕಾರಿನ ಸೀಟಿನಲ್ಲೂ ಕೂರಬಾರದು.

ಮೇಸ್ತ್ರಿ ತೀರಿಕೊಂಡು ಎಂಟು ತಿಂಗಳಾಗಿತ್ತು. ಗ್ಯಾರೇಜನ್ನು ಕಿವಿಯಣ್ಣನೇ ನೋಡಿಕೊಳ್ಳುತ್ತಿದ್ದ. ಮಹಡಿಯ ಮೇಲೆ ಮೇಸ್ತ್ರಿಯ ಹೆಂಡತಿ, ಮಗಳು. ಕೆಳಗೆ ತಗಡಿನ ಬಾಗಿಲ ಬಳಿ ಒಂದು ಮುದಿ ನಾಯಿ. ಊಟ ಹಾಕುವ ಕಿವಿಯಣ್ಣನಿಗೂ ಬೊಗಳುವಂಥ ನಿಯತ್ತಿನ ಪ್ರಾಣಿ. ಮೇಸ್ತ್ರಿ ಇದ್ದಾಗ ಅವರು ಬಂದರೆ ಮಾತ್ರ ಸದ್ದಿಲ್ಲ, ಬಾಲ ತಗಡಿಗೆ ಬಡಿಯುತ್ತಿತ್ತು... ತಪ್, ತಪ್, ತಪ್.

ಆ ಮಗಳ ಎರಡು ಕಿಡ್ನಿಯೂ ಕೆಟ್ಟಿತ್ತು. ವಾರಕ್ಕೆ ಮೂರು ಸಲ ಬೆಳಗ್ಗೆ ಆರಕ್ಕೆ ಡಯಾಲಿಸಿಸ್‌ಗೆ ಆಸ್ಪತ್ರೆಯಲ್ಲಿರಬೇಕು. ಮೇಸ್ತ್ರಿಯ ಹಳೆ ಡೀಸೆಲ್ ಕಾರಿನಲ್ಲಿ ತಾಯಿಯೇ ಕರೆದುಕೊಂಡು ಹೋಗುತ್ತಿದ್ದರು. ಕುಳ್ಳು ದೇಹ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದು, ಬೆನ್ನಿಗೆ ದಿಂಬು ಕೊಟ್ಟರೇ ಕಾಲು ಪೆಡಲಿಗೆ ಎಟಕುತ್ತಿದ್ದದ್ದು.

ಒಂದು ಸಂಜೆ ಆ ಕಾರು ಟಕ್... ಟಕ್... ಅನ್ನುತ್ತಾ ಬಂತು. ಬ್ಯಾಟರಿ ದೀಪ ಬೇರೆ ಉರಿಯುತ್ತಿತ್ತು. ಕಿವಿಯಣ್ಣ ಯಾವುದೋ ಬಸ್ಸಿನ ಗೇರ್‌ಬಾಕ್ಸಿನ ಹಿಂದೆ ಬಿದ್ದು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಸ್ಕ್ರೂಡ್ರೈವರ್ ಇಟ್ಟ. ಕೇಳಿದ.

"ಕ್ರ್ಯಾಂಕ್ ಬೇರಿಂಗ್ ಹೋಗಿದೆ ಅಮ್ಮಾ. ಎಂಜಿನ್ ಮುಗೀತು."

"ಸರಿಯಾಗಿ ಕೇಳಿದ್ಯೇನಪ್ಪಾ?"

"ನನ್ನ ಕಿವಿ ಯಾವತ್ತಾದ್ರೂ ಸುಳ್ಳು ಹೇಳಿದ್ಯಾ?"

ಅವರು ಬಾನೆಟ್ಟಿನ ಮೇಲೆ ಕೈಯಿಟ್ಟರು. "ಹಾಗಾದ್ರೆ ಬೆಳಗ್ಗೆ ಗುಜರಿಯವನಿಗೆ ಬರೋಕೆ ಹೇಳ್ತೀನಿ. ನಾಳೆ ಆಸ್ಪತ್ರೆಗೆ ಹೋಗೋಕೆ ಯಾರನ್ನಾದ್ರೂ ಕಾಡಿ ಬೇಡಿ ಕಾರು ತರ್ತೀನಿ... ಆಮೇಲಿಂದು ಆಮೇಲೆ." ಮೆಟ್ಟಿಲು ಹತ್ತಿ ಹೋದರು. ಒಂದೊಂದೇ ಮೆಟ್ಟಿಲು.

ಉಳಿದ ಕೆಲಸ ಮುಗಿಸಿ ಅವನು ಬಾಗಿಲು ಹಾಕುವಾಗ ಹನ್ನೊಂದು ದಾಟಿತ್ತು. ಮನೆಯ ದಾರಿಯಲ್ಲಿ ಒಂದು ಹಾಳು ಬಾವಿ. ನೀರು ಬತ್ತಿ, ಹಗ್ಗ ಹೋಗಿ ಎಷ್ಟೋ ವರ್ಷವಾಗಿ, ಮೇಲೆ ತುಕ್ಕು ಹಿಡಿದ ರಾಟೆ ಮಾತ್ರ ಉಳಿದಿತ್ತು. ಎಲೆ ಅಲುಗುವಷ್ಟೂ ಗಾಳಿಯಿಲ್ಲ. ಕಾಲು ಎಳೆದುಕೊಂಡು ಹೋಗುತ್ತಿದ್ದ...

ಕಿರ್ರ್... ಟಕ್.

ನಿಂತ.

ಕಿರ್ರ್... ಟಕ್. ಕಿರ್ರ್... ಟಕ್.

ರಾಟೆ ತಿರುಗುತ್ತಿದೆ. ಹಗ್ಗವಿಲ್ಲ, ಕೊಡವಿಲ್ಲ. ಸುತ್ತಿಗೊಮ್ಮೆ ಓಲಾಡಿ ತನ್ನ ಅಚ್ಚಿಗೆ ತಾನೇ ಬಡಿದುಕೊಳ್ಳುತ್ತಿದೆ... ಟಕ್. ಸಂಜೆ ಕೇಳಿದ್ದ ಅದೇ ಟಕ್.

ಬೆನ್ನ ಹಿಂದೆ, ತೀರಾ ಹತ್ತಿರ, ಪಿಸುದನಿ.

"ಗೀಟು ಎಳೆದ್ಯೇನೋ?"

"ಇಲ್ಲ," ಅಂದ. ಹದಿನೈದು ವರ್ಷದ ಅಭ್ಯಾಸ, ಬಾಯಿ ತಾನಾಗಿಯೇ ಅಂತು. ತಿರುಗಿ ನೋಡಿದರೆ ಯಾರೂ ಇಲ್ಲ. ರಾಟೆಯೂ ನಿಂತಿತ್ತು.

ನಾನಾಗಿದ್ದರೆ ಆ ರಾಟೆಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಬರುತ್ತಿದ್ದೆ. ಅವನು ಪಾಪ, ಓಡಲೂ ಇಲ್ಲ. ಹೆದರುವುದಕ್ಕೂ ಮೈಯಲ್ಲಿ ಸ್ವಲ್ಪ ತ್ರಾಣ ಬೇಕು ನೋಡಿ. ಅವನಿಗೆ ಅಳು ಬಂದದ್ದು ಅಷ್ಟು ದೂರ ಮತ್ತೆ ವಾಪಸ್ ನಡೆಯಬೇಕಲ್ಲ ಅಂತ. ನಡೆದ.

ಗ್ಯಾರೇಜಿನ ಬಾಗಿಲು ತೆಗೆದಾಗ ಆ ಮುದಿ ನಾಯಿ ಕತ್ತೆತ್ತಿ ಊಳಿಟ್ಟಿತು... ಊ...

ಜ್ಯಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದ. ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು ಎಂಜಿನ್ನಿನ ತುದಿಯ ಕ್ರ್ಯಾಂಕ್ ಪುಲ್ಲಿಗೆ ಗೀಟು ಎಳೆದ. ಕಿಟಕಿಯಿಂದಲೇ ಕೈ ತೂರಿಸಿ ಎಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿದ. ಬಗ್ಗಿ ನೋಡಿದ. ಗೀಟಿನ ಒಳಗಿನ ತುಂಡು ಇಲ್ಲಿ... ಹೊರಗಿನ ತುಂಡು ಅಲ್ಲೆಲ್ಲೋ ಆ ಕಡೆ. ಪುಲ್ಲಿಯ ಎರಡು ಉಂಗುರಗಳ ನಡುವಿನ ರಬ್ಬರು ಹರಿದುಹೋಗಿತ್ತು. ಹೊರಗಿನ ಉಂಗುರ ಜಾರಿ, ಓಲಾಡಿ, ಬಡಿಯುತ್ತಿದ್ದದ್ದೇ ಆ ಟಕ್. ಬೆಲ್ಟು ಸರಿಯಾಗಿ ತಿರುಗದೆ ಬ್ಯಾಟರಿ ದೀಪ ಉರಿದದ್ದೂ ಅದಕ್ಕೇ. ಎಂಜಿನ್ ಗುಂಡುಕಲ್ಲಿನ ಹಾಗಿತ್ತು. ಉಸಿರಾಡುತ್ತಿದ್ದದ್ದನ್ನು ಇವನು ಹೂಳಲು ಹೊರಟಿದ್ದ.

ಹಿತ್ತಲಲ್ಲಿ ಅದೇ ಜಾತಿಯ ಕಾರೊಂದು ಮೂತಿ ಜಜ್ಜಿಸಿಕೊಂಡು ಬಿದ್ದಿತ್ತು. ಪಾನಾದ ಮೇಲೆ ಸುತ್ತಿಗೆಯಿಂದ ಬಡಿದು ಬಡಿದು ಎರಡೂ ಕಾರಿನ ಪುಲ್ಲಿ ಬಿಚ್ಚಿದ. ಗಟ್ಟಿಯಿದ್ದದ್ದನ್ನು ತಂದು ಕೂರಿಸಿದ. ನಡುವೆ ಹೊಸ ಬೋಲ್ಟು ಹಾಕಿದ. ಬಿಚ್ಚುವುದಕ್ಕೆ ಏಟು ಸಾಕು, ಬಿಗಿಸುವುದಕ್ಕೆ ಸಾಲದು. ಒಬ್ಬನೇ ಬಿಗಿಸಿದರೆ ಬೋಲ್ಟಿನ ಜೊತೆ ಎಂಜಿನ್ನೂ ತಿರುಗಿಬಿಡುತ್ತದೆ. ಇನ್ನೊಬ್ಬರು ಒಳಗೆ ಕೂತು, ಗೇರು ಹಾಕಿ, ಬ್ರೇಕ್ ತುಳಿದಿರಬೇಕು.

ಪಾನಾಕ್ಕೆ ಪೈಪು ಸಿಕ್ಕಿಸಿ ಜಗ್ಗಿದ. ಎಂಜಿನ್ ತಿರುಗಿತು. ಇನ್ನೊಂದು ಸಲ. ತಿರುಗಿತು. ಗಂಟೆ ಮೂರು. ತಣ್ಣನೆ ನೆಲಕ್ಕೆ ಹಣೆ ಹಚ್ಚಿದ. ಸುಮ್ಮನೆ...

ಆಗ ಕಾರಿನ ಬಾಗಿಲು... ಕ್ಳಕ್. ಸೀಟಿನ ಸ್ಪ್ರಿಂಗು ಕುಂಯ್ ಅಂತು. ಕಾರು ಒಂದು ಬದಿಗೆ ಚೂರು ತಗ್ಗಿತು.

ಸುತ್ತಿಗೆ ಸದ್ದಿಗೆ ಮಹಡಿಯಿಂದ ಅಮ್ಮ ಎದ್ದು ಬಂದರು ಅಂದುಕೊಂಡ. ತಲೆ ಎತ್ತಿ ನೋಡುವುದಕ್ಕೂ ಬೇಸರ.

"ಗೇರು ಹಾಕಿ," ಅಂದ ಮೆಲ್ಲಗೆ.

ಕಟ್. ಗೇರು ಬಿತ್ತು.

"ಬ್ರೇಕ್ ತುಳೀರಿ."

ಪೆಡಲು ಉಸ್ ಅಂತು.

"ಗಟ್ಟಿಯಾಗಿ."

"ಹೂಂ."

ಜಗ್ಗಿದ. ಎಂಜಿನ್ ಅಲುಗಲಿಲ್ಲ. ಪೈಪು ಬಾಗುವವರೆಗೆ ಬಿಗಿಸಿದ. "ಸಾಕು, ಹೋಗಿ ಮಲಗಿ," ಅಂದ. ಬೆಲ್ಟು ಹಾಕಿದ, ಚಕ್ರ ಹಾಕಿದ, ಕಿಟಕಿಯಿಂದ ಕೈ ಹಾಕಿ ಗೇರು ಬಿಡಿಸಿ ಕೀಲಿ ತಿರುಗಿಸಿದ. ಗುರ್ರ್... ಒಂದೇ ಸಮ. ಟಕ್ ಇಲ್ಲ. ಅಲ್ಲೇ ಒಂದು ಹಳೆ ಟೈರಿಗೆ ತಲೆ ಕೊಟ್ಟು ಮಲಗಿಬಿಟ್ಟ.

ಐದೂಕಾಲಿಗೆ ಅಮ್ಮ ಬಂದು ಎಬ್ಬಿಸಿದರು.

"ಗುಜರಿಯವನಿಗೆ ಬರಬೇಡ ಅನ್ನಿ ಅಮ್ಮಾ," ಅಂದ. "ನಾನು ತಪ್ಪು ಕೇಳಿದ್ದೆ. ಬರೀ ಪುಲ್ಲಿ. ನೀವು ಬ್ರೇಕ್ ತುಳಿಯದಿದ್ರೆ ಆಗ್ತಿರಲಿಲ್ಲ."

"ನಾನೆಲ್ಲಿ ಬಂದೆ? ಇವಳಿಗೆ ರಾತ್ರಿಯಿಡೀ ಉಸಿರು ಹಿಡಿದುಕೊಳ್ತಿತ್ತು. ಬೆನ್ನು ನೀವುತ್ತಾ ಕೂತಿದ್ದೆ."

ಮಗಳನ್ನು ಹಿಂದೆ ಒರಗಿಸಿ ಕೂರಿಸಿದರು. ತಾವು ಮುಂದೆ ಕೂತರು. ಕಾಲು ಪೆಡಲಿಗೆ ಎಟಕಲಿಲ್ಲ. ದಿಂಬು ಪಕ್ಕದಲ್ಲಿ ಬಿದ್ದಿತ್ತು. ಸೀಟು ಕೊನೆಯ ಹಲ್ಲಿನವರೆಗೆ ಹಿಂದಕ್ಕೆ ಸರಿದಿತ್ತು.

ಅಮ್ಮ ಕೈ ಚಾಚಿ ಸ್ಟೇರಿಂಗ್ ಹಿಡಿದರು.

"ಇಳಿಯುವಾಗ ಸೀಟು ಮುಂದಕ್ಕೆ ಹಾಕ್ರೀ ಅಂತ ಮೂವತ್ತು ವರ್ಷ ಬಡ್ಕೊಂಡೆ," ಅಂದರು, ಮುಂದಿನ ಗಾಜಿಗೆ. "ಕೊನೆಗೂ ಕಲೀಲಿಲ್ಲ."

ಕರ್, ಕರ್, ಕರ್... ಸೀಟು ಎಳೆದುಕೊಂಡು ಹೊರಟರು. ಆರಕ್ಕೆ ಐದು ನಿಮಿಷವಿರುವಾಗ ಮಗಳು ಆಸ್ಪತ್ರೆಯ ಮಂಚದ ಮೇಲಿದ್ದಳು. ಆ ಪುಲ್ಲಿ ಇವತ್ತಿಗೂ ಓಡುತ್ತಿದೆ, ಬೇಕಾದರೆ ಗೀಟು ಎಳೆದು ನೋಡಿ. ನಡೆದದ್ದನ್ನು ನಡೆದ ಹಾಗೇ ಹೇಳಿದ್ದೀನಿ.

ಒಂದೇ ಒಂದು ಚೂರು ಬಿಟ್ಟು. ಬಾಗಿಲು ತೆಗೆದಾಗ ನಾಯಿ ಊಳಿಟ್ಟಿತು ಅಂದೆನಲ್ಲ, ಅದು ನಾನು ಸೇರಿಸಿದ್ದು. ನಾಯಿ ಊಳಿಡದ ದೆವ್ವದ ಕತೆಯನ್ನು ನೀವು ಕೇಳ್ತಿದ್ರಾ? ಕಿವಿಯಣ್ಣ ಹೇಳಿದ್ದು ಬೇರೆ. ಆ ರಾತ್ರಿ ಅದು ಊಳಿಡಲೂ ಇಲ್ಲ, ಅವನನ್ನು ಕಂಡು ಬೊಗಳಲೂ ಇಲ್ಲ. ಮಲಗಿದ್ದಲ್ಲೇ ಅವನ ಹಿಂದೆ ಯಾರನ್ನೋ ನೋಡುತ್ತಾ ಬಾಲ ಬಡಿಯುತ್ತಿತ್ತಂತೆ... ತಗಡಿಗೆ... ತಪ್, ತಪ್, ತಪ್.