ಬಣ್ಣ ಕೇಳಿ ಬರೆದುಕೊಳ್ಳುತ್ತಿದ್ದವರು

ಎಲ್ಲರಿಗೂ ನಮಸ್ಕಾರ. ಅತ್ತಿಗೆಗೆ, ಅವರ ಮಗಳಿಗೆ, ನಮ್ಮ ಸಂಪಾದಕರಿಗೆ, ಪತ್ರಿಕೆಯ ಗೆಳೆಯರಿಗೆ — ಮತ್ತು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಕುಣಿತದ ತಂಡದವರಿಗೆ. ನೀವು ಇಷ್ಟು ಜನ ಬರುತ್ತೀರೆಂದು ಎಣಿಸಿರಲಿಲ್ಲ. ಬಂದದ್ದು ಒಳ್ಳೆಯದಾಯಿತು. ನಾನು ಹೇಳಬೇಕಾದದ್ದು ನಿಮಗೂ ಸೇರಿದ್ದು.

ಪತ್ರಿಕೆಯಲ್ಲಿ ಚಿತ್ರಗಳ ಬಣ್ಣ ಸರಿಮಾಡುವುದು ನನ್ನ ಕೆಲಸ. ತೀರಿಕೊಂಡವರು — ಹಾಗೆನ್ನಲು ನಾಲಗೆ ಹೊರಳುತ್ತಿಲ್ಲ — ನಮ್ಮ ಫೋಟೊಗ್ರಾಫರ್, ನಮ್ಮೆಲ್ಲರ ಏಣಿಯಣ್ಣ. ಬೀದಿ ಕುಣಿತದ ಹಬ್ಬ ಬಂತೆಂದರೆ ಮೂರು ಮೆಟ್ಟಿಲಿನ ಏಣಿಯೊಂದನ್ನು ಹೆಗಲಿಗೇರಿಸಿ ಹೊರಡುವರು. ಇಷ್ಟೆತ್ತರ, ನನ್ನ ಎದೆಮಟ್ಟ. ಅದರ ಮೇಲೊಂದು ಕಾಲು, ಯಾರದೋ ಮನೆಯ ಕಿಟಕಿಯ ಅಂಚಿನ ಮೇಲೆ ಇನ್ನೊಂದು ಕಾಲು. ದೇವರ ಮುಂದೆ ನೂರಾರು ಜನ ಒಂದೇ ಹೆಜ್ಜೆಗೆ ಗಿರ್ರನೆ ತಿರುಗುವುದನ್ನು ಮೇಲಿನಿಂದಲೇ ನೋಡಬೇಕು ಎನ್ನುವರು.

ಅಂಥವರಿಗೆ ಕೆಂಪು ಯಾವುದು, ಹಸಿರು ಯಾವುದು ತಿಳಿಯುತ್ತಿರಲಿಲ್ಲ. ಕಪ್ಪುಬಿಳುಪಿನ ಕಾಲದಲ್ಲಿ ಕೆಲಸಕ್ಕೆ ಸೇರಿದವರು. ಪತ್ರಿಕೆ ಬಣ್ಣಕ್ಕೆ ತಿರುಗಿದಾಗ ಕಚೇರಿಯಲ್ಲಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ, ನನಗೊಬ್ಬನಿಗೆ ಹೇಳಿದರು. ಕುಣಿಯುವವರ ಬಳಿ ಹೋಗಿ ಬಟ್ಟೆಯ ಬಣ್ಣ ಕೇಳಿ ಚೀಟಿಯಲ್ಲಿ ಬರೆದುಕೊಂಡು ಬರುವರು, ಚಿತ್ರದ ಜೊತೆ ಆ ಚೀಟಿಯನ್ನು ನನ್ನ ಕೈಗಿಡುವರು. ಒಮ್ಮೆ ಒಬ್ಬ ಅಜ್ಜಿ, “ಕಣ್ಣು ಕಾಣ್ಸಲ್ವೇನಪ್ಪಾ?” ಎಂದು ಕೇಳಿದರಂತೆ. “ಕಾಣ್ಸುತ್ತಮ್ಮಾ, ಹೆಸರು ಗೊತ್ತಾಗಲ್ಲ” ಎಂದರಂತೆ ಇವರು. ಆ ಅಜ್ಜಿ ತನ್ನ ಬಳೆಯಿಂದ ಹಿಡಿದು ಚಪ್ಪಲಿಯವರೆಗೆ ಒಂದೊಂದರ ಬಣ್ಣವನ್ನೂ ಹೇಳಿ ಬರೆಸಿದರು. ಅವತ್ತು ಚೀಟಿ ಸಾಲದೆ ಅಂಗೈ ತುಂಬ ಬರೆದುಕೊಂಡು ಬಂದಿದ್ದರು.

ಒಂಬತ್ತು ವರ್ಷದ ಹಿಂದಿನ ಹಬ್ಬಕ್ಕೆ ಬರುತ್ತೇನೆ.

ಆ ಕುಣಿತದಲ್ಲಿ ಬಣ್ಣವೆಂದರೆ ಬರೀ ಅಂದಕ್ಕಲ್ಲ. ಮನೆಯಲ್ಲಿ ಕಾಯಿಲೆ ಬಿದ್ದವರು ಉಳಿಯಲಿ ಎಂದು ಕುಣಿಯುವವರು ಹಸಿರು ತೊಡುತ್ತಾರೆ. ತೀರಿಹೋದವರ ಹೆಸರಿನಲ್ಲಿ ಕುಣಿಯುವವರು ಕೆಂಪು. ಇದು ನನಗೆ ಗೊತ್ತಿತ್ತು — ಗೊತ್ತಿರಲಿಲ್ಲ ಎಂದು ಹೇಳಲಾರೆ.

ಅವತ್ತು ಬೀದಿಯುದ್ದಕ್ಕೂ ಕೆಂಬಟ್ಟೆಯ ಚಪ್ಪರ ಹಾಕಿದ್ದರು. ಬಿಸಿಲು ಅದರಿಂದ ಸೋಸಿ ಬಂದು ಎಲ್ಲರ ಬಟ್ಟೆಯೂ ಕಂದುಕಂದಾಗಿ ಕಾಣುತ್ತಿತ್ತು. ಆದರೆ ಚಿತ್ರ! ಒಬ್ಬ ತಾಯಿ, ಎರಡೂ ಕೈ ಮೇಲೆ, ಕಣ್ಣು ಮುಚ್ಚಿದೆ, ಪಾದ ನೆಲದಿಂದ ಒಂದು ಗೇಣು ಎತ್ತರದಲ್ಲಿದೆ. ಮುಖಪುಟಕ್ಕೆ ಅದೇ ಎಂದಾಯಿತು. ಏಣಿಯಣ್ಣ ಚೀಟಿ ಕೊಟ್ಟರು. ನಾನು ಜೇಬಿಗೆ ಹಾಕಿಕೊಂಡೆ. ಸಂಜೆ ಭಾವಮೈದುನನ ಮನೆಯಲ್ಲಿ ಊಟವಿತ್ತು, ಹೆಂಡತಿ ಆಗಲೇ ಮೂರು ಸಲ ಫೋನು ಮಾಡಿದ್ದಳು. ಇಷ್ಟು ವರ್ಷ ಮಾಡಿದ ಕೆಲಸ, ಚೀಟಿ ಬೇರೆ ನೋಡಬೇಕೇ ಎಂದುಕೊಂಡೆ. ಆ ಕಂದನ್ನು ಕೆಂಪು ಮಾಡಿ ಕಳಿಸಿದೆ.

ಆ ತಾಯಿಯ ಮಗಳು ಆಗ ಆಸ್ಪತ್ರೆಯಲ್ಲಿದ್ದಳು. ಬೆಳಿಗ್ಗೆ ಪತ್ರಿಕೆ ನೋಡಿದ ನೆಂಟರು ಅಳುತ್ತಾ ಅವರ ಬಾಗಿಲಿಗೆ ಬಂದರು. ಮಧ್ಯಾಹ್ನ ಆ ತಾಯಿ ನಮ್ಮ ಕಚೇರಿಗೆ ಬಂದರು. ಕೂಗಾಡಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲೆ ಹರಡಿ, “ನನ್ ಮಗಳು ಬದುಕಿದ್ದಾಳೆ. ನೀವ್ಯಾಕೆ ಸಾಯಿಸಿದ್ರಿ?” ಎಂದರು.

ಏಣಿಯಣ್ಣ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಅವರು ಸ್ವಲ್ಪ ಹೊತ್ತು ನಿಂತು, “ತಪ್ಪು ನಂದು. ನಂಗೆ ಕೆಂಪು ಹಸಿರು ಗೊತ್ತಾಗಲ್ಲ” ಎಂದರು.

ಮರುವಾರ ಏಣಿಯಣ್ಣನಿಂದ ಕ್ಯಾಮೆರಾ ವಾಪಸು ಪಡೆದು, ಅವರನ್ನು ನೆಲಮಹಡಿಯ ಹಳೆಯ ಚಿತ್ರಗಳ ಕೋಣೆಯ ಕೆಲಸಕ್ಕೆ ಹಾಕಿದರು. ಕೆಳಗಿಳಿಯುವ ಮುಂಚೆ ಅವರು ನನ್ನಿಂದ ಆ ಚಿತ್ರದ ಹಸಿರು ಪ್ರತಿಯೊಂದನ್ನು ಮಾಡಿಸಿಕೊಂಡು, ತಾವೇ ಆ ತಾಯಿಯ ಮನೆಗೆ ಒಯ್ದರು. ನನ್ನನ್ನೂ ಕರೆದರು. ಕೆಲಸವಿದೆ ಎಂದೆ. ಅವತ್ತು ನನಗೆ ಏನೂ ಕೆಲಸವಿರಲಿಲ್ಲ.

ಆಮೇಲೆ ಪ್ರತಿವರ್ಷ ಮೆರವಣಿಗೆ ನಮ್ಮ ಕಚೇರಿಯ ಮುಂದೆಯೇ ಹಾದುಹೋಯಿತು. ನಾವೆಲ್ಲ ಬಾಗಿಲಿಗೆ ಓಡುತ್ತಿದ್ದೆವು. ಅವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಮೇಜಿನ ಕೆಳಗೆ ಅವರ ಪಾದ ಮಾತ್ರ ತಾಳ ಹಾಕುತ್ತಿತ್ತು. ಹೋದ ವರ್ಷ ಧೈರ್ಯ ಮಾಡಿ ಕೇಳಿದೆ, ಅವತ್ತು ನನ್ನ ಹೆಸರು ಯಾಕೆ ಹೇಳಲಿಲ್ಲ ಅಣ್ಣಾ ಎಂದು. ಫೈಲಿನ ಧೂಳು ಒರೆಸುತ್ತಲೇ ಹೇಳಿದರು — “ನೀನೇ ಹೇಳ್ತೀಯ ಅಂತ ಕಾದೆ ಕಣೋ.”

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ — ಇರಲಿ.

ಮೊನ್ನೆ ಮಣ್ಣು ಮಾಡಿ ಬಂದ ಮೇಲೆ ಅತ್ತಿಗೆ ನನ್ನೆದುರು ಕುಳಿತು, ಇಷ್ಟು ವರ್ಷ ಅಷ್ಟು ಹುಷಾರಾಗಿದ್ದವರು ಅವತ್ತೊಂದು ದಿನ ಯಾಕೆ ಬರೆದುಕೊಳ್ಳದೆ ಬಂದರೋ ಎಂದು ಅತ್ತರು. ಆಗಲೂ ನಾನು ಬಾಯಿ ತೆರೆಯಲಿಲ್ಲ. ನಿಜವನ್ನು ಮನೆಯವರಿಗೂ ಅವರು ಹೇಳಿರಲಿಲ್ಲವೆಂದು ನನಗೆ ತಿಳಿದದ್ದೇ ಆಗ.

ಅತ್ತಿಗೆ, ಅವರು ಬರೆದುಕೊಂಡು ಬಂದಿದ್ದರು. ‘ಹಸಿರು’ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅವತ್ತು ಅದನ್ನು ಓದದೇ ಇದ್ದವನು ನಾನು. ಮಗಳೇ, ನಿಮ್ಮಪ್ಪ ಆ ಕೆಲಸದಲ್ಲಿ ಒಂದು ದಿನವೂ ತಪ್ಪಲಿಲ್ಲ.

ಇದನ್ನೆಲ್ಲ ಬರೆದು ಬೆಳಿಗ್ಗೆಯೇ ಸಂಪಾದಕರಿಗೆ ಕೊಟ್ಟಿದ್ದೇನೆ. ನಾಳೆಯ ಪತ್ರಿಕೆಯಲ್ಲಿ ನನ್ನ ಹೆಸರಿನೊಂದಿಗೆ ಬರುತ್ತದೆ. ನನ್ನ ಬಗ್ಗೆ ಏನು ಮಾಡಬೇಕೋ ಅವರು ತೀರ್ಮಾನಿಸಲಿ. ಆ ತಾಯಿ ಅಲ್ಲಿ, ಕಂಬದ ಪಕ್ಕ ಕುಳಿತಿದ್ದಾರೆ. ಜೊತೆಯಲ್ಲಿರುವವಳು ಅವರ ಮಗಳು, ಈಗ ಅಮ್ಮನಿಗಿಂತ ಎತ್ತರ. ಅಮ್ಮಾ, ಅವತ್ತು ನಿಮ್ಮ ಮನೆಗೆ ಬರಬೇಕಾಗಿದ್ದವನು ನಾನು. ತಪ್ಪಾಯಿತು. ಈ ಮಾತು ಕೇಳಬೇಕಾಗಿದ್ದವರೊಬ್ಬರು ಈಗಿಲ್ಲ; ಇನ್ನು ಯಾರ ಬಳಿ ಎಷ್ಟು ಸಲ ಹೇಳಿದರೂ ಅದು ಅವರಿಗೆ ತಲುಪುವುದಿಲ್ಲ.

ನನ್ನ ಮಾತು ಮುಗಿಯಿತು. ನಿಲ್ಲಲಾಗದ ಹಿರಿಯರು ಕುಳಿತೇ ಇರಿ. ಉಳಿದವರು ದಯಮಾಡಿ ಎದ್ದು ನಿಲ್ಲಿ. ಇಷ್ಟು ವರ್ಷ ನಾನು ಸುಮ್ಮನಿದ್ದದ್ದು ನನಗಾಗಿ. ಈಗ ಒಂದು ನಿಮಿಷ — ಎಲ್ಲರೂ ಅವರಿಗಾಗಿ ಸುಮ್ಮನಿರೋಣ.